ಕತ್ತರಿ ಗಂಟು

ಫೆಬ್ರವರಿ 9

ಅಪ್ಪನಿಗೆ,

ಫೋನು ಮಾಡದೆ ಕಾಗದ ಬರೆಯುತ್ತಿದ್ದೇನೆ. ಫೋನಿನಲ್ಲಿ ನಾವಿಬ್ಬರೂ ಒಟ್ಟಿಗೇ ಕೂಗುತ್ತೇವೆ, ಆಮೇಲೆ ಮೊದಲು ಫೋನ್ ಇಟ್ಟವರು ಯಾರು ಎಂದು ಇನ್ನೊಂದು ಜಗಳ. ಕಾಗದದಲ್ಲಾದರೆ ಒಬ್ಬರು ಮುಗಿಸುವ ತನಕ ಇನ್ನೊಬ್ಬರು ಬಾಯಿ ಮುಚ್ಚಿಕೊಂಡಿರಲೇಬೇಕು.

ನಿಮಗೆ ಲಿವರ್ ಕ್ಯಾನ್ಸರ್ ಎಂದು ತಮ್ಮ ಹೇಳಿದ ದಿನ ನಾನು ಈಜು ಕಲಿಸುವ ಕೊಳದ ಮೆಟ್ಟಿಲ ಮೇಲೆ ಕೂತು ಅತ್ತೆ. ಟೀಚರ್ ಕಣ್ಣಿಗೆ ಕ್ಲೋರಿನ್ ಹೋಗಿದೆ ಅಂದುಕೊಂಡವು ಮಕ್ಕಳು. ನಿಮಗೆ ಫೋನ್ ಮಾಡಿದರೆ "ಅಳೋದಿದ್ರೆ ಇಟ್ಬಿಡು" ಅಂದಿರಿ. ಇಟ್ಟುಬಿಟ್ಟೆ. ಅದನ್ನು ಆಮೇಲೆ ನೋಡಿಕೊಳ್ಳೋಣ, ಈಗ ಹೇಳಬೇಕಾದದ್ದು ಬೇರೆ ಇದೆ.

ನನ್ನ ಬಲಗೈಯ ತೋರುಬೆರಳು ಮತ್ತು ನಡುಬೆರಳಿನ ಬುಡದ ಗೆಣ್ಣು ಊದಿಕೊಂಡಿವೆ. ನೀವು ನೋಡಿದರೆ ಒಂದೇ ಏಟಿಗೆ ಹೇಳುತ್ತೀರಿ, ನಮ್ಮ ಮನೆಯ ಕತ್ತರಿ ಗಂಟು ಅಂತ. ಅಜ್ಜನಿಗೆ ಇತ್ತು, ನಿಮಗೆ ಇದೆ, ತಮ್ಮನಿಗೂ ಬಂತು. ಗಂಟು ಬಂದ ಕೈಗೇ ಅಜ್ಜನ ಕತ್ತರಿ, ಗಂಟು ಬಂದವನೇ ಮಾಸ್ಟರ್ ಎನ್ನುವುದು ನಮ್ಮ ದರ್ಜಿ ಅಂಗಡಿಯ ಕಾನೂನು. ತಮ್ಮನಿಗಿಂತ ಚೆನ್ನಾಗಿ ಕೋಟು ಕತ್ತರಿಸುತ್ತಿದ್ದ ಅಕ್ಕನ, ಅಂದರೆ ನನ್ನ, ಕೈ ಆಗ ನುಣ್ಣಗಿತ್ತು. ಕತ್ತರಿ ಅವನಿಗೆ ಹೋಯಿತು, ಅಕ್ಕ ಮುಖ ಊದಿಸಿಕೊಂಡು ಊರು ಬಿಟ್ಟಳು. ಅಂದಿನಿಂದ ನಾನು ಕತ್ತರಿ ಮುಟ್ಟಿಲ್ಲ ಅಪ್ಪ. ನನ್ನ ಕೈ ಹಿಡಿಯುವುದು ಸೀಟಿಯನ್ನು, ಮುಳುಗಲು ಹೊರಟ ಮಕ್ಕಳನ್ನು. ಆದರೂ ಗಂಟು ಬಂತು.

ಕೀಲಿನ ಡಾಕ್ಟರ ಹತ್ತಿರ ಹೋದೆ. ಬೆರಳು ನೋಡಿದ ಆಕೆ ಬೆರಳಿನ ಬಗ್ಗೆ ಏನೂ ಕೇಳಲಿಲ್ಲ. "ಮನೇಲಿ ಯಾರಿಗಾದ್ರೂ ಸಕ್ಕರೆ ಕಾಯಿಲೆ ಇದ್ಯಾ? ಲಿವರ್ ತೊಂದ್ರೆ? ವಯಸ್ಸಾಗ್ತಾ ಮೈಬಣ್ಣ ತಾಮ್ರದ ಥರ ಆಗತ್ತಾ?" ಅಂದರು. ನಮ್ಮ ಮನೆಯ ಗೋಡೆ ಮೇಲಿನ ಫೋಟೋಗಳನ್ನೆಲ್ಲ ನೋಡಿಕೊಂಡು ಬಂದವರ ಹಾಗೆ ಕೇಳಿದರು.

ಊಟದಲ್ಲಿ ಬರುವ ಕಬ್ಬಿಣದಲ್ಲಿ ಬೇಕಾದಷ್ಟನ್ನು ಮಾತ್ರ ಮೈ ಒಳಗೆ ಬಿಟ್ಟುಕೊಳ್ಳಬೇಕಂತೆ. ಹುಟ್ಟಿನಿಂದಲೇ ನಮ್ಮ ಮೈಗೆ ಆ ತಡೆ ಇಲ್ಲ. ಹೆಚ್ಚಾದ ಕಬ್ಬಿಣ ಕೀಲಿಗೆ ಸೇರಿದರೆ ಗಂಟು, ಚರ್ಮಕ್ಕೆ ಸೇರಿದರೆ ಆ ಬಣ್ಣ, ಸಕ್ಕರೆಯನ್ನು ಹತೋಟಿಯಲ್ಲಿಡುವ ಗ್ರಂಥಿಗೆ ಸೇರಿದರೆ ಸಕ್ಕರೆ ಕಾಯಿಲೆ. ಲಿವರ್‌ಗೆ ಸೇರುತ್ತಾ ಹೋದರೆ ಅದು ಗಟ್ಟಿಯಾಗಿ, ಕೊನೆಗೆ ಕ್ಯಾನ್ಸರ್ ಕೂಡ ಆಗಬಹುದು. ನಾವು ಬೇರೆ ಬೇರೆ ಅಂದುಕೊಂಡಿದ್ದಕ್ಕೆಲ್ಲ ಬೇರು ಒಂದೇ. ಇದು ಅಪ್ಪ ಅಮ್ಮ ಇಬ್ಬರಿಂದಲೂ ಬಂದರೆ ಮಾತ್ರ ಕಾಣಿಸಿಕೊಳ್ಳುವುದಂತೆ. ಅಮ್ಮ ನಿಮ್ಮ ಸೋದರತ್ತೆಯ ಮಗಳೇ ತಾನೇ? ಹೆಂಗಸರಿಗೆ ತಿಂಗಳು ತಿಂಗಳು ರಕ್ತ ಹೋಗುವುದರಿಂದ ತಡವಾಗುತ್ತದೆ. ನನಗೆ ಮುಟ್ಟು ನಿಂತ ಮೇಲೆ ಗಂಟು ಬಂತು.

ಇಷ್ಟೆಲ್ಲ ಬರೆದದ್ದು ತಮ್ಮನಿಗೋಸ್ಕರ. ಅವನಿಗೆ ಗಂಟು ಇದೆ, ಬಣ್ಣ ಇದೆ, ಹೋದ ವರ್ಷ ಸಕ್ಕರೆಯೂ ಶುರುವಾಗಿದೆ. ಲಿವರ್ ಇನ್ನೂ ಉಳಿದಿರಬಹುದು. ಆಗಾಗ ಒಂದಿಷ್ಟು ರಕ್ತ ತೆಗೆಸಿದರೆ ಕಬ್ಬಿಣ ಇಳಿಯುತ್ತದೆ, ಚಿಕಿತ್ಸೆ ಅಷ್ಟೇ. ಪರೀಕ್ಷೆ ಮಾಡಿಸೋ ಅಂದರೆ "ಅಪ್ಪ ಹೇಳ್ಲಿ, ಆಮೇಲೆ ನೋಡೋಣ" ಅನ್ನುತ್ತಾನೆ.

ಹೇಳಿ ಅಪ್ಪ.

ಇತಿ,
ನಿಮ್ಮ ಮಗಳು


ಫೆಬ್ರವರಿ 21

ಮೊಂಡಿಗೆ,

ನಿನ್ನ ಕಾಗದ ಬಂತು. ಕೈಬರಹ ಇನ್ನೂ ಕೋಳಿ ಕೆದರಿದ ಹಾಗೇ ಇದೆ.

ಆಪರೇಷನ್ ಮಾಡುವ ಡಾಕ್ಟರು ನನ್ನ ಲಿವರ್ ಕೊಯ್ಯುವುದಕ್ಕೆ ಆಗುವುದಿಲ್ಲ ಅಂದರು. ಒಳ್ಳೆಯದೇ ಆಯಿತು. ಬೇರೆಯವರ ಕತ್ತರಿಯ ಮೇಲೆ ನನಗೆ ಯಾವತ್ತೂ ನಂಬಿಕೆ ಇಲ್ಲ.

ನಮ್ಮಪ್ಪ ಹೊಟ್ಟೆ ಊದಿ ಸತ್ತಾಗ ಬೀದಿಯವರೆಲ್ಲ ಕುಡಿದು ಸತ್ತ ಅಂದರು. ಟೀಗಿಂತ ಗಟ್ಟಿಯಾದದ್ದನ್ನು ಬಾಯಿಗೆ ಇಟ್ಟವನಲ್ಲ ಆತ. ಈಗ ನನ್ನ ಸರದಿ. ಸ್ಕ್ಯಾನ್ ಮಾಡುವ ಹುಡುಗಿ "ತಾತ, ಎಷ್ಟು ವರ್ಷದಿಂದ ಕುಡೀತಿದ್ರಿ?" ಅಂದಳು. "ಹುಟ್ಟಿದಾಗಿನಿಂದ ಕಣಮ್ಮ. ಮೊದಲು ಹಾಲು, ಆಮೇಲೆ ನೀರು" ಅಂದೆ. ಅವಳು ನಗಲಿಲ್ಲ, ಬರೆದುಕೊಂಡಳು.

ಹೀಗೆ ಎರಡು ತಲೆಮಾರು ಮಾಡದ ತಪ್ಪಿಗೆ ಮಾತು ಕೇಳಿಸಿಕೊಂಡಿದ್ದೇವೆ. ನಮ್ಮದು ಅಂತ ತಲೆಯೆತ್ತಿ ತೋರಿಸಲು ಇದ್ದದ್ದು ಈ ಗಂಟು ಒಂದೇ. ಗಂಟು ದಪ್ಪವಾಗಿ ಬೆರಳು ಹೋಗುತ್ತಿಲ್ಲ ಎಂದು ಅಪ್ಪ ಕಮ್ಮಾರನ ಹತ್ತಿರ ಕೂತು ಕತ್ತರಿಯ ಹಿಡಿಯ ಬಳೆಯನ್ನು ಅಗಲ ಮಾಡಿಸಿಕೊಂಡು ಬಂದಿದ್ದ. ಅವತ್ತು ಮನೆಯಲ್ಲಿ ಏನು ಸಂಭ್ರಮ! ಈಗ ನೀನು ದೂರದಲ್ಲಿ ಕೂತು ಅದನ್ನೂ ಕಾಯಿಲೆ ಅನ್ನುತ್ತೀಯ. ಹೊಟ್ಟೆ ಉರಿಯಿತು ನನಗೆ.

ಕತ್ತರಿ ಕಬ್ಬಿಣದ್ದು, ಸೂಜಿ ಕಬ್ಬಿಣದ್ದು, ಇಸ್ತ್ರಿಪೆಟ್ಟಿಗೆ ಕಬ್ಬಿಣದ್ದು. ಕಬ್ಬಿಣದ ಜೊತೆ ಬಾಳಿದವರ ಮೈಯಲ್ಲಿ ಬಂಗಾರ ಸಿಕ್ಕೀತೇ? ನಿನ್ನದು ಕತ್ತರಿ ಗಂಟಲ್ಲ. ದಿನವಿಡೀ ತಣ್ಣೀರಿನಲ್ಲಿ ನಿಂತರೆ ಯಾರ ಬೆರಳಾದರೂ ಊದುತ್ತದೆ. ಬಿಸಿನೀರಿನಲ್ಲಿ ಅದ್ದು.

ತಮ್ಮನನ್ನು ಅವನ ಪಾಡಿಗೆ ಬಿಡು. ಅವನಿಗೆ ಹೆದರಿಕೆ ಹುಟ್ಟಿಸಬೇಡ.

ಅಪ್ಪ


ಮಾರ್ಚ್ 3

ಅಪ್ಪನಿಗೆ,

ನೀರಿನ ಗಂಟಂತೆ! ನನ್ನ ಜೊತೆಯ ಈಜು ಟೀಚರುಗಳನ್ನೆಲ್ಲ ಕೊಳದ ಅಂಚಿನಲ್ಲಿ ಕೂರಿಸಿ ಕೈ ನೋಡಿದೆ. ಒಬ್ಬರಿಗೂ ಇಲ್ಲ. ನನಗಿಂತ ಮೊದಲಿನಿಂದ ನೀರಿನಲ್ಲಿ ಇರುವವರಿಗೂ ಇಲ್ಲ.

ಒಂದು ಸಲ ತಣ್ಣಗೆ ಯೋಚಿಸಿ. ನಮ್ಮಲ್ಲಿ ದರ್ಜಿ ಮನೆಗೆ ದರ್ಜಿ ಮನೆಯಿಂದಲೇ ಹೆಣ್ಣು ತರುತ್ತಿದ್ದರು. ಹುಟ್ಟಿದ ಮಗುವಿನ ಕೈಗೆ ಅದು ಸರಿಯಾಗಿ ನಡೆಯುವ ಮೊದಲೇ ಕತ್ತರಿ ಕೊಡುತ್ತಿದ್ದರು. ರಕ್ತ, ಕತ್ತರಿ ಎರಡೂ ಯಾವತ್ತೂ ಬಿಟ್ಟಿರಲಿಲ್ಲ. ಗಂಟು ಕೊಟ್ಟದ್ದು ಯಾವುದು ಎಂದು ಅಜ್ಜನಿಗೆ ತಾನೇ ಹೇಗೆ ಗೊತ್ತಾಗಬೇಕು? ರಕ್ತ ಇಟ್ಟುಕೊಂಡು ಕತ್ತರಿ ಬಿಟ್ಟವಳು ನಾನೊಬ್ಬಳೇ. ನೀವು ನನಗೆ ಕತ್ತರಿ ಕೊಡದೆ ಹೋದದ್ದರಿಂದ ಆದ ಉಪಕಾರ ಇದೊಂದು.

ಇನ್ನೂ ನಂಬಿಕೆ ಬರದಿದ್ದರೆ ನಿಮ್ಮ ಅಂಗಡಿಯಲ್ಲೇ ಉದ್ದಣ್ಣ ಇದ್ದಾನೆ. ಬೇರೆ ಮನೆಯವನು, ನಿಮ್ಮಷ್ಟೇ ಕಾಲ ಕತ್ತರಿ ಹಿಡಿದವನು. ಅವನ ಕೈ ನೋಡಿ. ನೋಡಲು ಧೈರ್ಯ ಇದ್ದರೆ.

ನಾನು ರಕ್ತ ತೆಗೆಸಿಕೊಳ್ಳಲು ಶುರು ಮಾಡಿದ್ದೇನೆ.

ಮಗಳು


ಏಪ್ರಿಲ್ 17

ಮೊಂಡಿಗೆ,

ಉತ್ತರ ಬರಲಿಲ್ಲ ಎಂದು ನಾನು ಸೋತೆ ಅಂದುಕೊಂಡಿದ್ದರೆ ಅದು ನಿನ್ನ ಭ್ರಮೆ. ಹೊಟ್ಟೆಯಲ್ಲಿ ನೀರು ತುಂಬಿಕೊಂಡು ಆಸ್ಪತ್ರೆಯಲ್ಲಿದ್ದೆ. ತೆಗೆದರು, ಬಂದೆ. ನನ್ನ ಪ್ಯಾಂಟುಗಳನ್ನೆಲ್ಲ ನಾನೇ ಬಿಚ್ಚಿ ಸೊಂಟ ಅಗಲ ಮಾಡಿಕೊಂಡಿದ್ದೆ. ಈಗ ಮತ್ತೆ ಚಿಕ್ಕದು ಮಾಡಬೇಕು. ಇಂಥ ಗಿರಾಕಿ ಯಾವ ದರ್ಜಿಗೂ ಬೇಡ.

ಬಂದ ಮರುದಿನ ಅಂಗಡಿಗೆ ಹೋದೆ. ನೀನು ಸವಾಲು ಹಾಕಿದ್ದೀಯಲ್ಲ. "ಉದ್ದಣ್ಣ, ಮೇಜಿನ ಮೇಲೆ ಕೈ ಇಡೋ" ಅಂದೆ.

"ಯಾಕೆ ಮಾಸ್ಟ್ರೇ, ಭವಿಷ್ಯ ಹೇಳ್ತೀರಾ?"

ಕಿಟಕಿಯ ಬೆಳಕಿನಲ್ಲಿ ಅವನ ಕೈ ತಿರುಗಿಸಿ ತಿರುಗಿಸಿ ನೋಡಿದೆ. ಉಗುರು ಒಡೆದಿತ್ತು, ಹೆಬ್ಬೆರಳಲ್ಲಿ ಜಡ್ಡುಗಟ್ಟಿತ್ತು. ಗೆಣ್ಣು ಮಾತ್ರ ಮಗುವಿನ ಕೈಯಂತೆ ಸಲೀಸಾಗಿ ಮಡಚುತ್ತಿತ್ತು.

"ಬೆರಳು ನೋಯಲ್ವೇನೋ ನಿಂಗೆ?"

"ಸೊಂಟ ನೋಯತ್ತೆ. ಕತ್ತರಿ ಹರಿತ ಇದ್ರೆ ಬೆರಳು ಯಾಕೆ ನೋಯ್ಬೇಕು?"

ಗಂಟಿಲ್ಲದ ಕೈ ಎಂದು ಅವನಿಗೆ ಇಷ್ಟು ಕಾಲ ಒಂದು ಒಳ್ಳೆಯ ಕೋಟು ಕತ್ತರಿಸಲು ಕೊಟ್ಟಿಲ್ಲ. ನಿನಗೂ ಕೊಡಲಿಲ್ಲ.

ಆಸ್ಪತ್ರೆಯಲ್ಲಿ ಲಿವರ್ ಡಾಕ್ಟರಿಗೆ ನಿನ್ನ ಕಾಗದ ತೋರಿಸಿ ನನ್ನ ರಕ್ತ ಪರೀಕ್ಷೆ ಮಾಡಿಸಿದೆ. ನೀನು ಹೇಳಿದ್ದೇ ನಿಜ. ನನ್ನೊಳಗಿರುವ ಕಬ್ಬಿಣದಲ್ಲಿ ಇನ್ನೊಂದು ಇಸ್ತ್ರಿಪೆಟ್ಟಿಗೆ ಮಾಡಬಹುದು. ಸಮಾಧಾನವಾಯಿತೇ? ತಪ್ಪಾಯಿತು ಅಂತ ಬರೆಯುತ್ತೇನೆ ಎಂದು ಕಾಯುತ್ತಿದ್ದರೆ ಕಾಯುತ್ತಿರು.

ತಮ್ಮನಿಗೆ ಹೇಳಿದೆ. ಈಗ ಅವನು ತಿರುಗಿಬಿದ್ದಿದ್ದಾನೆ. "ಕೈಗುಣ ಅಂದವ್ರು ನೀವು, ಕತ್ತರಿ ಕೊಟ್ಟವ್ರು ನೀವು. ಈಗ ರೋಗ ಅಂದ್ರೆ ನಾನ್ಯಾರು? ಮಾಸ್ಟರ್ರಾ, ರೋಗಿನಾ?" ಅಂದ. ಅವನ ಕೈಯಿಂದ ಕತ್ತರಿ ಕಿತ್ತುಕೊಂಡೆ. ಈಗ ಅದು ನನ್ನ ದಿಂಬಿನ ಕೆಳಗಿದೆ. ಗಂಟು ಬಂದ ಕೈಗೆ ಕತ್ತರಿ ಎನ್ನುವ ಕಾನೂನು ಇವತ್ತಿಗೆ ರದ್ದು. ರಕ್ತ ಕೊಟ್ಟ ಕೈಗೆ ಕತ್ತರಿ. ಅವನು ಉದ್ದಣ್ಣನ ಹಳೇ ಕತ್ತರಿಯಲ್ಲಿ ಕತ್ತರಿಸುತ್ತಾ ನನ್ನ ಮುಖ ನೋಡದೆ ಓಡಾಡುತ್ತಿದ್ದಾನೆ. ಓಡಾಡಲಿ. ನೋಡೋಣ ಯಾರು ಮೊದಲು ಬಗ್ಗುತ್ತಾರೆ.

ಅಪ್ಪ


ಮೇ 2

ಅಪ್ಪನಿಗೆ,

ನಿಮ್ಮ ಕಾಗದ ಓದಿ ನಕ್ಕೆ, ಅತ್ತೆ, ಮತ್ತೆ ನಕ್ಕೆ.

ಅವನಿಗೆ ಸಿಟ್ಟಲ್ಲ ಅಪ್ಪ, ಭಯ. ದಿನಾ ನಿಮ್ಮ ಹೊಟ್ಟೆ ನೋಡುತ್ತಿದ್ದಾನೆ. ಪರೀಕ್ಷೆ ಮಾಡಿಸಿದರೆ ಅದೇ ತನಗೂ ಅಂತ ಬರೆದು ಕೊಡುತ್ತಾರೆ ಎಂದುಕೊಂಡಿದ್ದಾನೆ. ಕತ್ತರಿ ಕಿತ್ತುಕೊಂಡದ್ದು ಸರಿ, ಆದರೆ ಅವನ ಹತ್ತಿರ ಒಂದು ಮಾತಾಡಿ. ನಮ್ಮ ಮನೆಯಲ್ಲಿ ಅಳತೆ ತೆಗೆಯುವಾಗ ಬಿಟ್ಟರೆ ಯಾರೂ ಯಾರನ್ನೂ ಮುಟ್ಟುವುದಿಲ್ಲ, ಗೊತ್ತು. ಅಳತೆ ತೆಗೆಯುವ ನೆಪದಲ್ಲಾದರೂ ಮುಟ್ಟಿ ಮಾತಾಡಿ.

ಇನ್ನೊಂದು. ಅವನೊಬ್ಬನೇ ಅಲ್ಲ. ಚಿಕ್ಕಪ್ಪ ಇದ್ದಾರೆ, ಅವರ ಮಕ್ಕಳಿದ್ದಾರೆ, ಅಮ್ಮನ ಕಡೆಯವರೆಲ್ಲ ಇದ್ದಾರೆ. ನಾನು ಫೋನ್ ಮಾಡಿದರೆ ಚಿಕ್ಕಪ್ಪ "ನಮ್ಮನೇಲಿ ಅಂಥದ್ದೇನೂ ಇಲ್ಲಮ್ಮ" ಎಂದು ಇಟ್ಟುಬಿಟ್ಟರು. ಮನೆ ಬಿಟ್ಟುಹೋದವಳ ಮಾತನ್ನು ಯಾರು ಕೇಳುತ್ತಾರೆ? ನೀವು ಹೇಳಿದರೆ ಕೇಳಬಹುದು.

ನೋವಿಗೆ ಕೊಟ್ಟ ಮಾತ್ರೆ ನುಂಗುತ್ತಿದ್ದೀರಾ? ಸುಳ್ಳು ಹೇಳಬೇಡಿ.

ಮಗಳು


ಜೂನ್ 11

ಮೊಂಡಿಗೆ,

ನುಂಗುತ್ತಿದ್ದೇನೆ. ಹೆಚ್ಚುಕಡಿಮೆ.

ಚಿಕ್ಕಪ್ಪನಿಗೆ ನಾನೂ ಹೇಳಿದೆ, ಕಿವಿಗೆ ಹಾಕಿಕೊಳ್ಳಲಿಲ್ಲ. ಒಬ್ಬೊಬ್ಬರ ಮನೆಗೆ ಹೋಗಿ ಗೋಗರೆಯಲು ನನ್ನ ಕಾಲಿನಲ್ಲಿ ಶಕ್ತಿ ಇಲ್ಲ. ಅಂಗಡಿಯ ಕಿಟಕಿಯಲ್ಲಿ ಕೋಟು ತೊಡಿಸಿದ ಗೊಂಬೆ ಇತ್ತಲ್ಲ, ಅದನ್ನು ಒಳಗೆ ಸರಿಸಿ ಆ ಜಾಗದಲ್ಲಿ ಒಂದು ಬೋರ್ಡ್ ನಿಲ್ಲಿಸಿದೆ. ನಾನೇ ಬರೆದದ್ದು, ಅಕ್ಷರ ದೂರದಿಂದಲೂ ಕಾಣುತ್ತದೆ:

"ಈ ಅಂಗಡಿಯ ಮಾಸ್ಟರ್‌ಗೆ ಲಿವರ್ ಕ್ಯಾನ್ಸರ್. ಕುಡಿದು ಬಂದದ್ದಲ್ಲ, ಹುಟ್ಟಿನಿಂದ ಬಂದದ್ದು. ನಮ್ಮ ಬಳಗದವರೆಲ್ಲ ರಕ್ತದಲ್ಲಿ ಕಬ್ಬಿಣ ಎಷ್ಟಿದೆ ಎಂದು ಪರೀಕ್ಷೆ ಮಾಡಿಸಿಕೊಳ್ಳಿ. ಬೆರಳಿನ ಗಂಟು, ಸಕ್ಕರೆ, ತಾಮ್ರದ ಮೈಬಣ್ಣ ಇದ್ದವರು ಇವತ್ತೇ ಮಾಡಿಸಿ. ವಿವರಕ್ಕೆ ಒಳಗೆ ಬನ್ನಿ. ಬಟ್ಟೆ ಹೊಲಿಸಲೇಬೇಕೆಂದಿಲ್ಲ."

ಬೀದಿಗೆ ಬೀದಿಯೇ ನಿಂತು ಓದಿತು. ಕೆಲವು ಗಿರಾಕಿಗಳು ರೋಗ ಬಟ್ಟೆಗೂ ಅಂಟುತ್ತದೆ ಎನ್ನುವ ಹಾಗೆ ಹೊಲಿಯಲು ಕೊಟ್ಟದ್ದನ್ನು ವಾಪಸು ತೆಗೆದುಕೊಂಡು ಹೋದರು. ಮಾರನೇ ದಿನ ಚಿಕ್ಕಪ್ಪ ಕೆಂಡವಾಗಿ ಬಂದ.

"ಮನೆ ಮಾನ ಬೀದಿಗೆ ಹಾಕ್ತಿದ್ದೀಯಲ್ಲಣ್ಣ! ನಾಳೆ ನನ್ನ ಮಗಳನ್ನ ಯಾರು ಮದ್ವೆ ಆಗ್ತಾರೆ?"

"ಬದುಕಿದ್ರೆ ಯಾರಾದ್ರೂ ಆಗ್ತಾರೆ. ಬಚ್ಚಿಟ್ಕೊಂಡು ಸತ್ರೆ ಮಾನ, ಹೇಳ್ಕೊಂಡು ಬದುಕಿದ್ರೆ ಅವಮಾನನಾ? ಎಲ್ಲಿ, ನಿನ್ನ ಬೆರಳು ತೋರ್ಸು."

ಅವನು ತಟ್ಟನೆ ಕೈ ಜೇಬಿಗೆ ಹಾಕಿಕೊಂಡ. ಆ ಜೇಬು ಹೊಲಿದವನು ನಾನು. ಊದಿದ ಕೈ ಅದರಲ್ಲಿ ಸಲೀಸಾಗಿ ಹೋಗುವುದಿಲ್ಲ ಎಂದು ನನಗೆ ಗೊತ್ತಿಲ್ಲವೇ? ಅರ್ಧಕ್ಕೇ ಸಿಕ್ಕಿಕೊಂಡಿತು. ಅದರಿಂದ ಅವನಿಗೆ ಇನ್ನೂ ರೇಗಿತು. ಬೋರ್ಡ್ ಕಿತ್ತುಹಾಕುತ್ತೇನೆ ಎಂದು ಕಿಟಕಿಯ ಹತ್ತಿರ ನುಗ್ಗಿದ. ನಾನು ಎದ್ದೆ, ಆದರೆ ನನ್ನ ಏಳುವಿಕೆ ಈಗ ಏಳುವಿಕೆಯಲ್ಲ. ಗೋಡೆ ಹಿಡಿದು ನಿಲ್ಲುವಷ್ಟರಲ್ಲಿ ತಮ್ಮ ಬಂದು ಅಡ್ಡ ನಿಂತಿದ್ದ. ಆರು ವಾರದಿಂದ ನನ್ನ ಜೊತೆ ಮಾತು ಬಿಟ್ಟವನು.

"ಬೋರ್ಡ್ ಮುಟ್ಬೇಡಿ ಚಿಕ್ಕಪ್ಪ. ಅದ್ರಲ್ಲಿ ಬರ್ದಿರೋದು ನಂದೂ ವಿಷ್ಯ" ಅಂದ.

ಚಿಕ್ಕಪ್ಪ ಹೋದ ಮೇಲೆ ಅವನ ಭುಜದ ಅಳತೆ ತೆಗೆಯುವ ಹಾಗೆ ಟೇಪು ಹಿಡಿದು ಹಿಂದೆ ನಿಂತೆ. ನೀನು ಹೇಳಿಕೊಟ್ಟದ್ದೇ. "ನಂಗೆ ಸಾಯೋಕೆ ಭಯ ಇಲ್ಲ ಕಣೋ, ನಿನ್ನ ಹೊಟ್ಟೆ ಹೀಗಾಗೋದು ನೋಡೋಕೆ ಭಯ. ಮಾಸ್ಟರ್ ನೀನೇ. ಕೈಗುಣ ನಿಂದೇ, ಗಂಟಿಂದಲ್ಲ" ಅಂದೆ. ಅವನ ಭುಜ ಅಲುಗಾಡಿ ಟೇಪು ಜಾರಿತು. ಬೆಳಿಗ್ಗೆ ಅವನೇ ಚಪ್ಪಲಿ ಮೆಟ್ಟಿಕೊಂಡು "ನಡೀರಿ" ಅಂದ.

ಪರೀಕ್ಷೆಯ ಫಲ ನಿನ್ನೆ ಬಂತು. ಅವನಿಗೂ ಅದೇ. ಕಬ್ಬಿಣ ಬೇಕಾದಷ್ಟಿದೆ. ಆದರೆ ಕೇಳು, ಲಿವರ್ ಇನ್ನೂ ಗಟ್ಟಿಯಾಗಿಲ್ಲ! ಈಗಲೇ ಹಿಡಿದಿರುವುದರಿಂದ ಉಳಿಸಿಕೊಳ್ಳಬಹುದು ಅಂದರು. ಇವತ್ತೇ ಅವನಿಂದ ಮೊದಲ ಚೀಲ ರಕ್ತ ತೆಗೆದರು. ಪಕ್ಕದ ಕುರ್ಚಿಯಲ್ಲಿ ಕೂತು ನಾನೂ ಅಂಗಿಯ ತೋಳು ಮಡಚಿ ಕೈ ಚಾಚಿದೆ. "ತಾತ, ನಿಮಗೆ ಇದರಿಂದ ಈಗ ಉಪಯೋಗ ಇಲ್ಲ, ಸುಸ್ತಾಗ್ತೀರಿ" ಅಂದಳು ನರ್ಸು. "ಗೊತ್ತಮ್ಮ, ನೀನು ತೆಗೀಬೇಡ. ನಾನು ಹೀಗೇ ಕೂತಿರ್ತೀನಿ" ಅಂದೆ. ಅವನದು ಮುಗಿಯುವ ತನಕ ಹಾಗೇ ಕೂತಿದ್ದೆ.

ಚಿಕ್ಕಪ್ಪನ ಮಗಳು ಅಪ್ಪನಿಗೆ ಹೇಳದೆ ಬೋರ್ಡ್ ಓದಲು ಬಂದಿದ್ದಳು. ಒಳಗೆ ಕರೆದು ಆಸ್ಪತ್ರೆಯ ದಾರಿ ಹೇಳಿದೆ.

ಅಪ್ಪ


ಆಗಸ್ಟ್ 19

ಮೊಂಡಿಗೆ,

ಪೆನ್ನು ಹಿಡಿಯಲು ಆಗುತ್ತಿಲ್ಲ, ನಾನು ಹೇಳಿದ್ದನ್ನು ತಮ್ಮನ ಮಗಳು ಬರೆಯುತ್ತಿದ್ದಾಳೆ. ಇವಳ ಅಕ್ಷರ ನಿನ್ನದಕ್ಕಿಂತ ಚೆಂದ. ಇವಳ ರಕ್ತವನ್ನೂ ನೋಡಿಸಿದೆವು. ಅಪ್ಪನ ಪಾಲು ಮಾತ್ರ ಬಂದಿದೆಯಂತೆ, ಅಷ್ಟರಿಂದ ಗಂಟು ಬರುವುದಿಲ್ಲ ಅಂದರು. ದರ್ಜಿ ಮನೆಯ ಹೆಣ್ಣು ಬೇಡ ಎಂದು ಹಟ ಹಿಡಿದು ತಮ್ಮ ಮಾಡಿಕೊಂಡ ಮದುವೆಗೆ ಅವತ್ತು ನಾನು ಮುಖ ಗಂಟಿಕ್ಕಿಕೊಂಡು ಕೂತಿದ್ದೆ. ಇವತ್ತು ಸೊಸೆಯನ್ನು ಕರೆದು ಅವಳ ಅಮ್ಮ ಅಪ್ಪ ಚೆನ್ನಾಗಿದ್ದಾರಾ ಎಂದು ಕೇಳಿದೆ. ಅವಳು ಹೆದರಿಕೊಂಡಳು.

ಇದರ ಜೊತೆ ಒಂದು ಪಾರ್ಸೆಲ್ ಇದೆ. ಹುಷಾರಾಗಿ ಬಿಚ್ಚು, ಹರಿತ ಮಾಡಿಸಿದ್ದೇನೆ. ರಕ್ತ ಕೊಟ್ಟ ಕೈಗೆ ಕತ್ತರಿ ಎಂದು ನಾನೇ ಕಾನೂನು ಮಾಡಿದೆ. ಮೊದಲು ಕೊಟ್ಟ ಕೈ ಯಾವುದು ಎಂದು ತಮ್ಮ ಕೇಳಿದ. ನಾನು ಬಾಯಿ ತೆರೆಯುವ ಮೊದಲೇ "ಅಕ್ಕಂದು. ಕೊಟ್ಬಿಡಿ" ಅಂದ. ಅವನಿಗೆ ಹೊಸದೊಂದು ತಂದಿದ್ದೇವೆ. ಒಳ್ಳೆಯ ಕೋಟುಗಳನ್ನು ಈಗ ಉದ್ದಣ್ಣ ಕತ್ತರಿಸುತ್ತಾನೆ, ಗಿರಾಕಿಗಳಿಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ.

ಒಂದು ಮಾತು. ಅಪ್ಪ ಅಗಲ ಮಾಡಿಸಿದ್ದ ಬಳೆಯನ್ನು ಕಮ್ಮಾರನಿಗೆ ಕೊಟ್ಟು ಮತ್ತೆ ಚಿಕ್ಕದು ಮಾಡಿಸಿದ್ದೇನೆ. ಅಳತೆಗೆ ಇವಳ ಬೆರಳು ಕೊಟ್ಟೆ. ನಿನ್ನ ಬೆರಳು ಹೋಗದಿದ್ದರೆ ನನ್ನನ್ನು ಬೈಯಬೇಡ. ಊದಿದ ಬೆರಳಿಗೆ ಹಿಡಿಸುವ ಕತ್ತರಿ ಇನ್ನು ಈ ಮನೆಯಲ್ಲಿ ಇರುವುದಿಲ್ಲ.

ಬೋರ್ಡ್ ಅಲ್ಲೇ ಇದೆ. "ಮಾಸ್ಟರ್‌ಗೆ ಲಿವರ್ ಕ್ಯಾನ್ಸರ್ ಇತ್ತು" ಎಂದು ತಿದ್ದಿ, ಆದರೆ ತೆಗೆಯಬೇಡಿ ಅಂದಿದ್ದೇನೆ. ಇದನ್ನು ಬರೆಯುವುದಿಲ್ಲ ಎಂದು ಇವಳು ಅಳುತ್ತಿದ್ದಾಳೆ. ಬರಿ ಮಗು, ನಿಮ್ಮತ್ತೆಗೆ ಅಳು ಅಭ್ಯಾಸ ಇದೆ.

ತಪ್ಪಾಯಿತು ಅಂತ ಈಗಲೂ ಬರೆಸುವುದಿಲ್ಲ. ಕತ್ತರಿ ಕಳಿಸಿದ್ದೇನೆ.

ಅಪ್ಪ


ಆಗಸ್ಟ್ 27

ಅಪ್ಪನಿಗೆ,

ಪಾರ್ಸೆಲ್ ಬಂತು. ಕೊಳದ ಮಕ್ಕಳೆಲ್ಲ ಒದ್ದೆ ಮೈಯಲ್ಲೇ ಸುತ್ತ ನಿಂತು ನೋಡುತ್ತಿದ್ದವು. ಎಷ್ಟು ಭಾರ ಎನ್ನುವುದೇ ಮರೆತುಹೋಗಿತ್ತು ನನಗೆ. ಈ ಕತ್ತರಿಗೋಸ್ಕರ ಎಷ್ಟು ವರ್ಷ ನಿಮ್ಮನ್ನು ಬೈದುಕೊಂಡೆನೋ ಅಷ್ಟೂ ನೆನಪಾಯಿತು.

ಬೆರಳು ಹಾಕಿದೆ. ಬಳೆ ಗೆಣ್ಣಿಗೆ ಬಂದು ನಿಂತುಬಿಟ್ಟಿತು, ಒಳಗೆ ಹೋಗಲಿಲ್ಲ. ತಳ್ಳಿದೆ, ತಿರುಗಿಸಿದೆ, ಹೋಗಲಿಲ್ಲ. ನನ್ನ ಬೆರಳಿಗೆ ಹಿಡಿಸದ ಆ ಬಳೆ ನೋಡಿ ಬಂದ ಖುಷಿ ಹೇಗೆ ಬರೆಯಲಿ ಅಪ್ಪ? ಟೀಚರ್ ಯಾಕೆ ನಗ್ತಿದ್ದಾರೆ ಎಂದು ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡವು. ನಗಲಿಲ್ಲ ನಾನು, ಅತ್ತದ್ದು ಅವುಗಳಿಗೆ ಹಾಗೆ ಕಂಡಿತು.

ನನ್ನ ಕಬ್ಬಿಣ ಇಳಿದಿದೆ. ಗಂಟು ಮಾತ್ರ ಹೋಗುವುದಿಲ್ಲವಂತೆ. ಇರಲಿ ಬಿಡಿ, ನಿಮ್ಮ ಗುರುತು ಏನಾದರೂ ಬೇಡವೇ.

ರಜೆ ಬರೆದು ಕೊಟ್ಟಿದ್ದೇನೆ, ಶುಕ್ರವಾರ ಹೊರಡುತ್ತೇನೆ. ಕತ್ತರಿ ನನ್ನ ಜೊತೆಯೇ ಬರುತ್ತದೆ. ಮೇಜಿನ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತಿರಿ. ಆ ಹುಡುಗಿಯ ಕೈ ಹಿಡಿದು ನಾನು ಕೋಟು ಕತ್ತರಿಸುವುದನ್ನು ಹೇಳಿಕೊಡುತ್ತೇನೆ, ಆಗ ನೀವು ಹೇಳಿಕೊಟ್ಟ ಹಾಗೇ, ಬೈಗುಳದ ಸಮೇತ. ಅವಳ ಗೆಣ್ಣು ಬಳೆಯ ಒಳಗೆ ಸಲೀಸಾಗಿ ಹೋಗುವುದನ್ನು ನೀವು ಕಣ್ಣಾರೆ ನೋಡಬೇಕು.

ನಾನು ಬರುವವರೆಗೆ ಸಾಯಬೇಡಿ. ಬೇಡ ಎಂದರೆ ಕೇಳುವವರಲ್ಲ ನೀವು, ಗೊತ್ತು. ಇದೊಂದು ಸಲ ಕೇಳಿ.

ಇತಿ,
ನಿಮ್ಮ ಮೊಂಡಿ